ಮಾತು ಮೊದಲು, ಗುಡುಗು ಆಮೇಲೆ: ಮಂಚೇನಹಳ್ಳಿಯ ದಿನಚರಿಯಿಂದ

ಸೆಪ್ಟೆಂಬರ್ 14, 2025, ಭಾನುವಾರ

ಹೊಸ ಟಿವಿ ಗೋಡೆಗೆ ಹತ್ತಿದ ಮೇಲೆ ಮಾವನವರು ಹೇಳುತ್ತಿರುವುದು ಒಂದೇ: "ಬೊಂಬೆ ಎಲ್ಲಾ ಚೆನ್ನಾಗ್ ಕಾಣ್ತೈತಮ್ಮ, ಮಾತೇ ತಿಳೀತಿಲ್ಲ." ಸೌಂಡ್ ಏರಿಸಿದರೆ ಹಿನ್ನೆಲೆ ಸಂಗೀತ ಅರಚುತ್ತದೆ, ಮಾತು ಅದರಡಿ ಮುಳುಗುತ್ತದೆ. ಇಳಿಸಿದರೆ ಎರಡೂ ಇಲ್ಲ.

ಈಗಿನ ಟಿವಿಗಳು ತೀರಾ ತೆಳು. ಸ್ಪೀಕರ್ ಕೂರಿಸಲು ಜಾಗವಿಲ್ಲದೆ ಅದನ್ನು ಕೆಳಕ್ಕೋ ಹಿಂದಕ್ಕೋ ಮುಖ ಮಾಡಿ ಇಟ್ಟಿರುತ್ತಾರೆ. ಮಾತು ಮೊದಲು ಗೋಡೆಗೆ ಬಡಿದು, ಆಮೇಲೆ ನಮ್ಮ ಕಡೆ ತಿರುಗುತ್ತದೆ. ಚಿತ್ರ ದೊಡ್ಡದಾದಂತೆಲ್ಲ ಸದ್ದು ಸಣ್ಣದಾಗಿದೆ.

ಮಾವನವರಿಗೆ ಮಾತು ತಿಳಿಯದೆ ಹೋಗುವುದು ನನಗೆ ಸಣ್ಣ ಸಂಗತಿಯಲ್ಲ. ಈ ಸುತ್ತಿನ ಊರುಗಳಲ್ಲಿ ಕುರುಕ್ಷೇತ್ರ ನಾಟಕ ಕಲಿಸಿದ ಹಾರ್ಮೋನಿಯಂ ಮೇಷ್ಟ್ರು ಅವರು. ನಮ್ಮ ಕಡೆ ಕನ್ನಡದ ಸಂಭಾಷಣೆಯ ಬೆನ್ನಿಗೇ ತೆಲುಗು ಪದ್ಯ ಬಂದರೂ ಯಾರೂ ಆಶ್ಚರ್ಯಪಡುವುದಿಲ್ಲ. ಯಾವ ಪಾತ್ರಧಾರಿಯ ನಾಲಗೆ ಎಲ್ಲಿ ಎಡವಿತು ಅನ್ನುವುದನ್ನು ರಂಗದ ಪಕ್ಕದಲ್ಲಿ ಪೆಟ್ಟಿಗೆ ಬಾರಿಸುತ್ತಲೇ ಹಿಡಿಯುತ್ತಿದ್ದವರು. ಅವರು ಕಲಿಸಿದ ನಾಟಕಗಳ ಹಳೇ ಕ್ಯಾಸೆಟ್‌ಗಳನ್ನು ಮಗ ಬೇಸಿಗೆಯಲ್ಲಿ ಪೆನ್‌ಡ್ರೈವ್‌ಗೆ ಇಳಿಸಿಕೊಟ್ಟ. ಟಿವಿಯಲ್ಲಿ ಹಾಕಿದರೆ ಹಾರ್ಮೋನಿಯಂ ಕೇಳುತ್ತದೆ, ಭೀಮನ ಮಾತು ಗೊರಗೊರ ಅನ್ನುತ್ತದೆ.

ಮಗನಿಗೆ ಬೇಕಿರುವುದು ಬೇರೆ. "ಕೆಜಿಎಫ್ ಹಾಕಿದ್ರೆ ಎದೆ ಅದುರಬೇಕಮ್ಮ, ಸಬ್‌ವೂಫರ್ ಇಲ್ದೆ ಅದೆಂಥ ಹೋಂ ಥಿಯೇಟರ್?" ನಮ್ಮ ಯಜಮಾನರು ಮುಸುಕಿನ ಜೋಳದ ದುಡ್ಡಿನಲ್ಲಿ 20 ಸಾವಿರ ತೆಗೆದಿಡುತ್ತೇನೆ, ಅದರೊಳಗೆ ಮುಗಿಸು ಅಂದಿದ್ದಾರೆ. ಮೂವರಿಗೂ ಒಪ್ಪುವಂಥದ್ದು, ಐದಾರು ವರ್ಷವಾದರೂ ಬಾಳುವಂಥದ್ದು, ಕೆಟ್ಟರೆ ಹತ್ತಿರದಲ್ಲೇ ರಿಪೇರಿ ಆಗುವಂಥದ್ದು ಹುಡುಕಬೇಕು.

ಸೆಪ್ಟೆಂಬರ್ 18, ಗುರುವಾರ

ಸ್ಪೀಕರ್ ಕೊಳ್ಳುವ ಮೊದಲು ಕಿವಿ ತೋರಿಸೋಣ ಅಂತ ಮಾವನವರನ್ನು ಒಪ್ಪಿಸಿ ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಗುಗ್ಗೆ ತೆಗೆದು, ಆಡಿಯೋಗ್ರಾಂ ಮಾಡಿಸಿದರು. ಕಾಗದದ ಮೇಲಿನ ಗೆರೆ ಎಡಗಡೆ ಹೆಚ್ಚುಕಡಿಮೆ ಸಮವಾಗಿದೆ. 2000 ಹರ್ಟ್ಸ್ ದಾಟುತ್ತಿದ್ದಂತೆ ಇಳಿಜಾರು, 4000ಕ್ಕೆ ಬರುವಾಗ ತೀರಾ ಕೆಳಗೆ. ವಯಸ್ಸಾದ ಕಿವಿ ಸಾಮಾನ್ಯವಾಗಿ ಹೀಗೇ ಸೋಲುತ್ತದೆ: ಮೇಲಿನ ಸ್ವರಗಳು ಮೊದಲು ಹೋಗುತ್ತವೆ, ಕೆಳಗಿನವು ಉಳಿಯುತ್ತವೆ.

ಇದರ ಅರ್ಥ ಮನೆಗೆ ಬಂದ ಮೇಲೆ ಕಣ್ಣೆದುರೇ ಕಂಡಿತು. ಬಾಯಿಗೆ ಪುಸ್ತಕ ಅಡ್ಡ ಹಿಡಿದು ಒಂದೊಂದೇ ಪದ ಹೇಳಿದೆ: ಹಾಲು, ಕಾಲು, ಪಾಲು, ಸಾಲು. ಮಾವನವರು ನಾಲ್ಕಕ್ಕೂ "ಆಲು" ಅಂದರು. ಸ್ವರಾಕ್ಷರ ಪೂರ್ತಿ ಸಿಕ್ಕಿದೆ, ವ್ಯಂಜನ ಜಾರಿಹೋಗಿದೆ. ಮಾತಿನ ಬಲವೆಲ್ಲ ಸ್ವರಾಕ್ಷರದಲ್ಲಿರುತ್ತದೆ, ಅದು ಕೆಳಗಿನ ಕಂಪನ. ಅರ್ಥ ಬಿಡಿಸುವುದು ವ್ಯಂಜನ. ಸಕಾರ, ಶಕಾರ, ತಕಾರಗಳ ಮೊನೆ ಇರುವುದು ಮೇಲಿನ ಕಂಪನಗಳಲ್ಲಿ, ಅದೂ ಬಲು ಮೆಲ್ಲಗೆ. "ಕೇಳ್ತೈತೆ, ತಿಳೀತಿಲ್ಲ" ಅಂತ ಅವರು ಅನ್ನುವುದು ಅಕ್ಷರಶಃ ನಿಜ.

ಶ್ರವಣ ಸಾಧನದ ಮಾತೂ ಬಂತು. ಒಂದು ತಿಂಗಳು ಬಿಟ್ಟು ಮತ್ತೆ ಬರಲು ಹೇಳಿದ್ದಾರೆ. ಅದು ಒಂದು ಕಡೆ ನಡೆಯಲಿ. ಸ್ಪೀಕರ್ ವಿಷಯದಲ್ಲಂತೂ ಇವತ್ತು ದಾರಿ ಸಿಕ್ಕಿತು: ಸದ್ದು ಜೋರಾದರೆ ಸಾಲದು, ವ್ಯಂಜನ ಸ್ಪಷ್ಟವಾಗಿ ಬರಬೇಕು.

ಸೆಪ್ಟೆಂಬರ್ 21, ಭಾನುವಾರ, ಮಹಾಲಯ ಅಮಾವಾಸ್ಯೆ

ಹಿರಿಯರಿಗೆ ಎಡೆ ಇಟ್ಟು, ಊಟ ಮುಗಿದ ಮೇಲೆ ಟೇಪು ಹಿಡಿದು ಹಾಲ್ ಅಳೆದೆ. ಉದ್ದ 14 ಅಡಿ, ಅಗಲ 12, ಎತ್ತರ 10. ಮೇಲೆ ಆರ್‌ಸಿಸಿ, ಕೆಳಗೆ ವಿಟ್ರಿಫೈಡ್ ಟೈಲ್ಸ್, ಸುತ್ತ ಪುಟ್ಟಿ ಹಚ್ಚಿದ ಗೋಡೆ. ನಡುವೆ ನಿಂತು ಚಪ್ಪಾಳೆ ತಟ್ಟಿದರೆ "ಟರ್ರ್" ಅಂತ ಬಾಲ ಬರುತ್ತದೆ. ಎದುರುಬದುರು ಬರಿಗೋಡೆಗಳ ನಡುವೆ ಸದ್ದು ಓಡಾಡುವ ಗುರುತು ಅದು. ಹಳೇ ಮನೆಯ ಮಣ್ಣುಗೋಡೆ, ಹೆಂಚಿನ ಸೂರಿನಡಿ ಮಾವನವರು ಹಾರ್ಮೋನಿಯಂ ಹಿಡಿದಾಗ ಈ ಬಾಲ ಇರಲಿಲ್ಲ. ಮಾತಿನ ಮೊದಲ ಅಕ್ಷರದ ಪ್ರತಿಧ್ವನಿ ಎರಡನೆಯದರ ಮೇಲೆ ಬಿದ್ದರೆ ಒಳ್ಳೆಯ ಕಿವಿಗೂ ಕಷ್ಟ.

ಇದನ್ನು ಲೆಕ್ಕಕ್ಕೆ ಒಗ್ಗಿಸಿದವರು ಅಮೆರಿಕದ ವಾಲೇಸ್ ಸಬೈನ್. 1890ರ ದಶಕದಲ್ಲಿ ಹಾರ್ವರ್ಡ್‌ನ ಒಂದು ಉಪನ್ಯಾಸ ಸಭಾಂಗಣದಲ್ಲಿ ಮೇಷ್ಟ್ರ ಮಾತು ಕಲಸಿಹೋಗುತ್ತಿತ್ತು. ಸಬೈನ್ ಪಕ್ಕದ ರಂಗಮಂದಿರದಿಂದ ಸೀಟಿನ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು, ಒಂದಿಷ್ಟು ಇಟ್ಟು ಅಳೆದು, ಇನ್ನೊಂದಿಷ್ಟು ಇಟ್ಟು ಅಳೆದು, ಕೋಣೆಯ ಗಾತ್ರಕ್ಕೂ ಸದ್ದು ಹೀರುವ ವಸ್ತುವಿಗೂ ಇರುವ ಸಂಬಂಧ ಕಂಡುಕೊಂಡರು. ನಮ್ಮ ಹಾಲ್‌ಗೂ ಅದೇ ಔಷಧಿ. ನೆಲಕ್ಕೆ ದಪ್ಪ ಜಮಖಾನ, ಟಿವಿ ಎದುರಿನ ಗೋಡೆಗೆ ಮಡಿಕೆ ಮಡಿಕೆಯಾಗಿ ಬೀಳುವ ಪರದೆ, ಒಂದು ಮೂಲೆಯಲ್ಲಿ ತೆರೆದಿಟ್ಟ ಪುಸ್ತಕದ ಬೀರು.

ಸಂಜೆ ಅತ್ತೆಯವರ ಕಂಬಳಿ, ಜಮಖಾನ ಎಲ್ಲ ತಂದು ಹಾಸಿ ಮತ್ತೆ ಚಪ್ಪಾಳೆ ತಟ್ಟಿದೆ. ಬಾಲ ಅರ್ಧಕ್ಕರ್ಧ ಹೋಗಿತ್ತು. ಒಂದು ರೂಪಾಯಿ ಖರ್ಚಿಲ್ಲದೆ ಟಿವಿಯ ಮಾತೇ ಸ್ವಲ್ಪ ಬಿಡಿಸಿಕೊಂಡಿತು.

ಸೆಪ್ಟೆಂಬರ್ 22, ಸೋಮವಾರ

ಇವತ್ತಿನಿಂದ ಹೊಸ ಜಿಎಸ್‌ಟಿ ದರ. 32 ಇಂಚಿಗಿಂತ ದೊಡ್ಡ ಟಿವಿಗೆ 28ರಿಂದ 18ಕ್ಕೆ ಇಳಿದಿದೆ. "ಸೌಂಡ್‌ಬಾರೂ ಅಗ್ಗ ಆಗತ್ತಾ?" ಅಂತ ಇವರು ಕೇಳಿದರು. ಸ್ಪೀಕರ್‌ಗಳಿಗೆ ಇದಕ್ಕೆ ಮೊದಲೇ 18 ಇತ್ತು, ಈಗಲೂ ಅಷ್ಟೇ. ಅಂಗಡಿಯವರು ಜಿಎಸ್‌ಟಿ ರಿಯಾಯಿತಿ ಅಂತ ಬೋರ್ಡ್ ಹಾಕಿದರೆ ಟಿವಿಯ ಮಟ್ಟಿಗೆ ಸರಿ, ಸ್ಪೀಕರ್‌ಗೆ ಬೇರೆ ಚೌಕಾಶಿಯೇ ಮಾಡಬೇಕು.

ರಾತ್ರಿ ಮಗನ ಜೊತೆ ಕೂತು ವಾಟ್ ಲೆಕ್ಕ ಹಾಕಿದೆವು. ಅವನ ಗೆಳೆಯನೊಬ್ಬ ತಂದ ಸೆಟ್ಟಿನ ಪೆಟ್ಟಿಗೆಯ ಮೇಲೆ ಸಾವಿರಗಟ್ಟಲೆ ವಾಟ್ ಅಂತ ಅಚ್ಚಾಗಿದೆಯಂತೆ. ಅಡಾಪ್ಟರ್ ಫೋಟೋ ತರಿಸು ಅಂದೆ. ಅದರ ಬೆನ್ನಿನಲ್ಲಿ ಬರೆದದ್ದು 18 ವೋಲ್ಟ್, 3 ಆಂಪಿಯರ್. 18ನ್ನು 3ರಿಂದ ಗುಣಿಸಿದರೆ 54. ಒಳಗೆ ಹೋಗುವುದೇ 54 ವಾಟ್ ಆದಮೇಲೆ ನಿರಂತರವಾಗಿ ಹೊರಗೆ ಬರುವುದು ಅದಕ್ಕಿಂತ ಕಡಿಮೆಯೇ. ಕಣ್ಣು ಮಿಟುಕಿಸುವಷ್ಟು ಹೊತ್ತು ಬರುವ ಶಿಖರದ ಅಂಕಿಯನ್ನು ಪಿಎಂಪಿಒ ಅಂತ ಬರೆಯುವ ರೂಢಿ ಕ್ಯಾಸೆಟ್ ಕಾಲದಿಂದ ಇದೆ. ಕೇಳಬೇಕಾದ್ದು ಆರ್‌ಎಂಎಸ್ ವಾಟ್, ಅಂದರೆ ನಿರಂತರವಾಗಿ ಬರುವುದು. ಅದು ಬರೆದಿಲ್ಲವಾದರೆ ಹಿಂಬದಿಯ ಚೀಟಿಯಲ್ಲಿ ಸೆಟ್ಟು ಎಷ್ಟು ವಿದ್ಯುತ್ ಎಳೆಯುತ್ತದೆ ಅನ್ನುವುದನ್ನು ನೋಡಬೇಕು.

ವಾಟ್ ದುಪ್ಪಟ್ಟಾದರೆ ಸದ್ದು ದುಪ್ಪಟ್ಟಾಗುವುದೂ ಇಲ್ಲ. 50 ವಾಟ್ 100 ಆದರೆ ಏರುವುದು 3 ಡೆಸಿಬೆಲ್, ಕಿವಿಗೆ ತುಸು ಜೋರು ಅನ್ನಿಸುವಷ್ಟು. ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವಾಟ್. ಬಯಲಿನಲ್ಲಿ ಸ್ಪೀಕರ್‌ನಿಂದ ಇರುವ ದೂರ ಅರ್ಧವಾದರೆ 6 ಡೆಸಿಬೆಲ್ ಏರುತ್ತದೆ. ಕೋಣೆಯೊಳಗೆ ಗೋಡೆಗಳಿಂದ ತಿರುಗಿ ಬರುವ ಸದ್ದೂ ಸೇರುವುದರಿಂದ ಲಾಭ ಸ್ವಲ್ಪ ಕಡಿಮೆ, ಆದರೂ ದೊಡ್ಡದೇ. ಮಾವನವರ ಈಜಿ ಚೇರನ್ನು ಹಿಂಗೋಡೆಯಿಂದ ನಡುವಿಗೆ ತಂದರೆ ಪುಕ್ಕಟೆಯಾಗಿ ಸಿಗುವುದನ್ನು ಅಂಗಡಿಯಲ್ಲಿ ಕೊಳ್ಳಬೇಕಾದರೆ ಹೆಚ್ಚುಕಡಿಮೆ ನಾಲ್ಕು ಪಟ್ಟು ವಾಟ್‌ನ ಸೆಟ್ಟು ಬೇಕು. ಮಗ ಈ ಲೆಕ್ಕವನ್ನು ತಾನೇ ಮತ್ತೊಮ್ಮೆ ಹಾಕಿ ನೋಡಿ ಒಪ್ಪಿಕೊಂಡ.

ಸೆಪ್ಟೆಂಬರ್ 27, ಶನಿವಾರ

ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ನಡೆಯುತ್ತಿದೆ. ನಾವು ಮೇಷ್ಟ್ರುಗಳೆಲ್ಲ ಮನೆಮನೆಗೆ ಹೋಗಿ 60 ಪ್ರಶ್ನೆ ಕೇಳಬೇಕು. ಎಷ್ಟೋ ಮನೆಗಳಲ್ಲಿ ಮೊದಲು ಟಿವಿ ಆರಿಸಿ ಅಂತ ಕೇಳಿಕೊಳ್ಳಬೇಕಾಗುತ್ತದೆ. ವಯಸ್ಸಾದವರು ಟಿವಿಗೆ ಮೊಳದ ದೂರದಲ್ಲಿ ಕುರ್ಚಿ ಹಾಕಿಕೊಂಡು, ಸೌಂಡ್ ಪೂರ್ತಿ ಏರಿಸಿಕೊಂಡು ಕೂತಿರುತ್ತಾರೆ. ಮನೆಯ ಹುಡುಗರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬೇರೆ ಕೋಣೆಯಲ್ಲಿರುತ್ತಾರೆ. ಒಂದೇ ಸಿನಿಮಾವನ್ನು ಒಟ್ಟಿಗೆ ಕೂತು ನೋಡುವುದು ಕಡಿಮೆಯಾಗಿರುವುದಕ್ಕೆ ಮೊಬೈಲ್ ಒಂದೇ ಕಾರಣ ಅಂದುಕೊಂಡಿದ್ದೆವು. ಒಬ್ಬರಿಗೆ ಹಿತವಾದ ಸದ್ದು ಇನ್ನೊಬ್ಬರಿಗೆ ಹಿಂಸೆ ಆಗಿರುವುದೂ ಒಂದು ಕಾರಣ. ಇದಕ್ಕೆ ಪರಿಹಾರ ಇದೆ ಅನ್ನುವುದು ಆ ಮನೆಗಳಿಗೆ ಗೊತ್ತಾಗಬೇಕು ಅನ್ನಿಸಿತು.

ಅಕ್ಟೋಬರ್ 1, ಬುಧವಾರ, ಆಯುಧಪೂಜೆ

ಪೂಜೆ ಮುಗಿಸಿ ಮೈಕ್‌ಸೆಟ್ ಅಣ್ಣನ ಅಂಗಡಿಗೆ ಹೋದೆ. ಜಾತ್ರೆ, ನಾಟಕ, ಮದುವೆಗಳಿಗೆ ಸೌಂಡ್ ಹಾಕುವವರು, ರಿಪೇರಿಯನ್ನೂ ಮಾಡುತ್ತಾರೆ. ಸಾಲ್ಡರಿಂಗ್ ಐರನ್, ಮಲ್ಟಿಮೀಟರ್, ಆಂಪ್ಲಿಫಯರ್‌ಗಳಿಗೆಲ್ಲ ಅರಿಶಿನ ಕುಂಕುಮ, ಚೆಂಡುಹೂ. ಪಕ್ಕದಲ್ಲಿ ಕೆಟ್ಟ ಸೆಟ್ಟುಗಳ ರಾಶಿ. ಒಳ್ಳೆಯದು ಯಾವುದು ಅಂತ ಕೇಳುವ ಬದಲು, ಕೆಟ್ಟು ಬರುವುದು ಯಾವುದು ಅಂತ ಕೇಳಿದೆ.

ಅಣ್ಣ ಒಂದೊಂದನ್ನೇ ಬಿಚ್ಚಿ ತೋರಿಸಿದರು. ಹೆಚ್ಚಿನವುಗಳಲ್ಲಿ ಸತ್ತಿರುವುದು ಪವರ್ ಸಪ್ಲೈ. ಕೆಪಾಸಿಟರ್‌ಗಳ ತಲೆ ಉಬ್ಬಿಕೊಂಡಿದೆ. "ಕರೆಂಟು ಹೋಗಿ ಬರ್ತದಲ್ಲ ಮೇಡಂ, ಬರೋವಾಗ ಒದ್ದು ಬರ್ತದೆ. ಅದೇ ತಿನ್ನೋದು." ಆಮೇಲೆ ಆಂಪ್ಲಿಫಯರ್ ಐಸಿ. ಮೂರನೆಯದು ಸ್ಪೀಕರ್ ಕಾಯಿಲ್. ಸಣ್ಣ ಆಂಪ್ಲಿಫಯರನ್ನು ಪೂರ್ತಿ ತಿರುಗಿಸಿ ಒಡೆದ ಸದ್ದನ್ನು ಗಂಟೆಗಟ್ಟಲೆ ಹಾಕಿದರೆ ಕಾಯಿಲ್ ಸುಡುತ್ತದೆ. ಒಂದು ಸುಟ್ಟ ಕಾಯಿಲ್ ನನ್ನ ಕೈಗೆ ಕೊಟ್ಟರು. ಕೂದಲಿನಂಥ ತಾಮ್ರದ ತಂತಿ, ಮೇಲಿನ ಅರಗು ಕಪ್ಪಾಗಿ ಸುರುಳಿ ಬಿಟ್ಟುಕೊಂಡಿದೆ, ಮೂಸಿದರೆ ಈಗಲೂ ಕಮಟು ವಾಸನೆ.

ಅಸೆಂಬಲ್ ಸೆಟ್ಟಿನ ಮಾತೂ ಆಯಿತು. ಟ್ರಾನ್ಸ್‌ಫಾರ್ಮರ್, 5.1 ಬೋರ್ಡು, ಐಸಿ ಎಲ್ಲ ತಂದು ಇಲ್ಲೇ ಜೋಡಿಸಿಕೊಡುತ್ತಾರೆ. ಒಂದು ಕಾಲಕ್ಕೆ ಹಳ್ಳಿಹಳ್ಳಿಯ ಟೇಪ್‌ರೆಕಾರ್ಡರ್ ಆಂಪ್ಲಿಫಯರ್‌ಗಳಲ್ಲೆಲ್ಲ ಕೂತಿದ್ದ 4440 ಐಸಿಯ ಹೆಸರು ಇವತ್ತೂ ಈ ಅಂಗಡಿಗಳಲ್ಲಿ ಮನೆಮಾತು. ಕೆಟ್ಟರೆ ಸಂಜೆಯೊಳಗೆ ಸರಿ. ಬಿಡಿಭಾಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಯಾವಾಗಲೂ ಸಿಗುತ್ತದೆ. ಆದರೆ ನಮ್ಮ ಟಿವಿಯಿಂದ ಎಚ್‌ಡಿಎಂಐ ತಂತಿಯಲ್ಲಿ ಬರುವ ಡಾಲ್ಬಿ ಸಂಕೇತವನ್ನು ಬಿಡಿಸಲು ಅದಕ್ಕೆ ಮತ್ತೊಂದು ಡಿಕೋಡರ್ ಪೆಟ್ಟಿಗೆ ಬೇಕು. ಒಂದು ರಿಮೋಟ್ ಮೂರಾಗುತ್ತದೆ. ಮಾವನವರು, ಅತ್ತೆಯವರು ಒಂದೇ ಗುಂಡಿ ಒತ್ತಿ ಕೇಳುವಂತಿರಬೇಕು ಅಂದಾಗ ಅಣ್ಣನೇ ಹೇಳಿದರು: "ಹಂಗಾದ್ರೆ ಕಂಪನಿ ಸೆಟ್ಟೇ ತಗೊಳ್ಳಿ. ಸ್ಪೀಕರೆಲ್ಲ ವೈರಿಂದು ಇರ್ಲಿ. ವೈರ್‌ಲೆಸ್ ಆದ್ರೆ ಒಂದೊಂದರ ಒಳಗೂ ಒಂದೊಂದು ಬೋರ್ಡು, ಒಂದೊಂದಕ್ಕೂ ಪ್ಲಗ್ಗು. ಬೋರ್ಡ್ ಹೋದ್ರೆ ನಾನೇನೂ ಮಾಡಕ್ಕಾಗಲ್ಲ."

ತನ್ನ ಕೈಯಲ್ಲಿ ಆಗುವುದು ಎಷ್ಟು, ಆಗದ್ದು ಎಷ್ಟು ಅಂತ ಇಷ್ಟು ಸ್ಪಷ್ಟವಾಗಿ ಹೇಳುವವರ ಮಾತಿಗೆ ನಾನು ಜಾಹೀರಾತಿಗಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಅಕ್ಟೋಬರ್ 5, ಭಾನುವಾರ

ಎಲ್ಲರೂ ಸೇರಿ ಗೌರಿಬಿದನೂರಿಗೆ ಹೋದೆವು. ಮಾವನವರೂ ಬಂದರು. ಕೇಳುವವರನ್ನು ಮನೆಯಲ್ಲಿ ಬಿಟ್ಟು ಸ್ಪೀಕರ್ ತರುವುದರಲ್ಲಿ ಅರ್ಥವಿಲ್ಲ.

ಅಂಗಡಿಯಲ್ಲಿ ಸೋನಿ, ಜೆಬಿಎಲ್, ಝೆಬ್ರಾನಿಕ್ಸ್, ಬೋಟ್, ಎಫ್ ಅಂಡ್ ಡಿ ಎಲ್ಲ ಸಾಲಾಗಿವೆ. ಹುಡುಗ ಮೊದಲು ಹಾಕಿದ್ದು ಬೇಸ್ ಹೊಡೆಯುವ ಹಾಡು. ಎಲ್ಲ ಸೆಟ್ಟೂ ಅದರಲ್ಲಿ ಚೆನ್ನಾಗಿಯೇ ಕೇಳಿಸುತ್ತವೆ. ನಮ್ಮ ಪೆನ್‌ಡ್ರೈವ್ ಕೊಟ್ಟೆ. ಅದರಲ್ಲಿ ಮೂರು ಇಟ್ಟುಕೊಂಡಿದ್ದೆ: ನಾಟಕದ ಸಂಭಾಷಣೆ, ತಬಲಾ ಇರುವ ಒಂದು ಪದ್ಯ, ಮಗನ ಸಿನಿಮಾದ ಹೊಡೆದಾಟದ ತುಣುಕು.

ತಬಲಾ ಬೇಕೆಂದೇ ಇಟ್ಟಿದ್ದು. ಬರೀ ಚರ್ಮ ಬಿಗಿದ ವಾದ್ಯದಲ್ಲಿ ಉಪಸ್ವರಗಳು ಚದುರಿಹೋಗಿರುತ್ತವೆ. ಮೃದಂಗ, ತಬಲಾಗಳಲ್ಲಿ ಚರ್ಮದ ಮೇಲೆ ಹಾಕುವ ಕರಣೆಯ ದೆಸೆಯಿಂದ ಅವು ತಂತಿವಾದ್ಯದಲ್ಲಿರುವ ಹಾಗೆ ಸ್ವರದ ಲೆಕ್ಕಕ್ಕೆ ಕೂಡಿಬರುತ್ತವೆ ಅನ್ನುವುದನ್ನು ಸಿ.ವಿ. ರಾಮನ್ 1920ರಲ್ಲೇ ತೋರಿಸಿದ್ದರು. 1934ರಲ್ಲಿ, ಬೆಂಗಳೂರಿಗೆ ಬಂದ ಮೇಲೆ, ಇನ್ನೂ ವಿವರವಾಗಿ ಬರೆದರು. ಆ ಉಪಸ್ವರಗಳು ಸರಿಯಾಗಿ ಬಂದರೆ ಬೆರಳು ಬಿದ್ದದ್ದು ಅಂಚಿನ ಮೇಲೋ ನಡುವಿಗೋ ತಿಳಿಯುತ್ತದೆ. ಕೆಟ್ಟ ಸ್ಪೀಕರ್‌ನಲ್ಲಿ ಎರಡೂ ಒಂದೇ "ಟಪ್". ಒಂದು ಸೆಟ್ಟಿನಲ್ಲಿ ಮಾವನವರು ತಕ್ಷಣ ಕೈ ಎತ್ತಿದರು: "ಇದು ತಬಲಾ ಅಲ್ಲಮ್ಮ, ಡಬ್ಬಾ." ಕಿವಿ ಮೇಲಿನ ಸ್ವರ ಕಳೆದುಕೊಂಡಿದ್ದರೂ ಒಂದು ಆಯುಷ್ಯದ ಅಭ್ಯಾಸ ಕಳೆದುಕೊಂಡಿಲ್ಲ.

ಆಮೇಲೆ ಭೀಮ, ದುರ್ಯೋಧನರ ಸಂಭಾಷಣೆ. ಸೆಟ್ಟು ಬದಲಾದ ಹಾಗೆ ಮಾವನವರು ಮಾತನ್ನು ಹಿಂದೆಯೇ ಹೇಳುತ್ತಾ ಬಂದರು. ಎಲ್ಲಿ ತಡವರಿಸಿದರೋ ಅದನ್ನು ಪಕ್ಕಕ್ಕಿಟ್ಟೆವು. ಸ್ಪಷ್ಟವಾಗಿ ಗೆದ್ದದ್ದು ನಡುವಿನ ಸ್ಪೀಕರ್ ಬೇರೆಯಾಗಿರುವ ಸೆಟ್ಟುಗಳು. 5.1 ಅಂದರೆ ಎಡ, ಬಲ, ನಡು, ಹಿಂದೆ ಎರಡು, ಜೊತೆಗೆ ಗುಡುಗಿಗೆ ಒಂದು. ಸಿನಿಮಾದಲ್ಲಿ ಮಾತು ಹೆಚ್ಚುಪಾಲು ಬರುವುದು ನಡುವಿನದರಿಂದ. 2.1 ಸೆಟ್ಟಿನಲ್ಲಿ ಮಾತು, ಸಂಗೀತ, ಮಳೆ, ಕಾರು ಎಲ್ಲವೂ ಎರಡೇ ಬಾಯಿಯಿಂದ ಬರಬೇಕು.

ಎರಡು ಸೆಟ್ಟು ಉಳಿದವು. ಹಿಂದಿನ ಚೀಟಿ ಓದಿದೆ, ಟಿವಿಯಲ್ಲಿ "ಎಆರ್‌ಸಿ" ಅಂತ ಬರೆದ ಎಚ್‌ಡಿಎಂಐ ಕಿಂಡಿ ಇದೆಯಾ ಅಂತ ಫೋಟೋ ತೋರಿಸಿದೆ. ವಾರಂಟಿ ಎಷ್ಟು, ಸರ್ವೀಸ್ ಎಲ್ಲಿ, ಮನೆಗೆ ಬರುತ್ತಾರೋ ನಾವೇ ಹೊತ್ತುಕೊಂಡು ಹೋಗಬೇಕೋ, ರಿಮೋಟ್ ಬೇರೆ ಸಿಗುತ್ತದೋ ಅಂತ ಕೇಳಿ ಬರೆದುಕೊಂಡೆ. ಇವತ್ತೇ ತಗೊಂಡರೆ ಇಷ್ಟು ಕಡಿಮೆ ಅಂತ ಹುಡುಗ ಹೇಳಿದ. ದೀಪಾವಳಿವರೆಗೂ ಈ ಬೆಲೆ ಎಲ್ಲೂ ಹೋಗುವುದಿಲ್ಲ ಅಂತ ಇವರು ಎದ್ದರು.

ಅಕ್ಟೋಬರ್ 11, ಶನಿವಾರ

ಸೆಟ್ಟು ತರುವ ಮೊದಲು ಕರೆಂಟು ಸರಿಮಾಡಿಸುವ ದಿನ. ಎಲೆಕ್ಟ್ರಿಷಿಯನ್ ಬಂದು 100 ವಾಟ್ ಬಲ್ಬನ್ನು ಟಿವಿ ಪ್ಲಗ್ಗಿನ ಫೇಸ್‌ಗೂ ಅರ್ಥ್‌ಗೂ ನಡುವೆ ಹಿಡಿದ. ಕೆಂಪಗೆ ಮಿಣುಕಿತು. ಅರ್ಥ್ ಇದ್ದೂ ಇಲ್ಲದ ಹಾಗೆ. ಮನೆ ಹಿಂದಿನ ಗುಂಡಿ ತೆಗೆದು ನೋಡಿದರೆ ಮಣ್ಣು ಒಣಗಿ ಪೈಪಿನಿಂದ ಬಿಟ್ಟುಕೊಂಡಿತ್ತು, ಕ್ಲಾಂಪು ತುಕ್ಕು ಹಿಡಿದಿತ್ತು. ಕ್ಲಾಂಪು ಬದಲಿಸಿ, ಇದ್ದಿಲು, ಉಪ್ಪು ತುಂಬಿ, ಬಿಂದಿಗೆಗಟ್ಟಲೆ ನೀರು ಹೊಯ್ದೆವು. ಸಂಜೆ ಮತ್ತೆ ಬಲ್ಬ್ ಹಿಡಿದಾಗ ಫಳ್ಳನೆ ಬೆಳಗಿತು. ಇದು ಸ್ಪೀಕರ್‌ಗಷ್ಟೇ ಅಲ್ಲ, ಮನೆಯವರ ಜೀವಕ್ಕೇ ಬೇಕಾದದ್ದು.

ಟಿವಿ ಮತ್ತು ಸೆಟ್ಟಿಗೆ ಸೇರಿ ಒಳ್ಳೆಯ ಸ್ಪೈಕ್ ಗಾರ್ಡ್. ಗುಡುಗು ಸಿಡಿಲು ಶುರುವಾದರೆ ಪ್ಲಗ್ ಕೀಳಬೇಕು, ಕರೆಂಟು ಹೋದಾಗ ಸ್ವಿಚ್ ಆರಿಸಿ, ಬಂದು ಐದು ನಿಮಿಷವಾದ ಮೇಲೆ ಹಾಕಬೇಕು ಅಂತ ಮನೆಗೆಲ್ಲ ನಿಯಮ. ಅತ್ತೆಯವರು ಅದನ್ನು ಆಗಲೇ ಮಗನಿಂದ ಗಟ್ಟಿ ಮಾಡಿಸಿದ್ದಾರೆ.

ಅಕ್ಟೋಬರ್ 19, ಭಾನುವಾರ

ತಂದೆವು. ಸೋನಿಯ ಎಚ್‌ಟಿ-ಎಸ್20ಆರ್. ಮುಂದೆ ಎಡ, ಬಲ, ನಡು ಮೂರೂ ಚಾನೆಲ್ ಸೇರಿದ ಒಂದು ಬಾರ್, ಹಿಂದೆ ವೈರಿನ ಎರಡು ಪುಟ್ಟ ಸ್ಪೀಕರ್, ಒಂದು ಸಬ್‌ವೂಫರ್. ಪೆಟ್ಟಿಗೆಯ ಮೇಲೆ 400 ವಾಟ್ ಅಂತಿದೆ. ನಾವು ಆ ಅಂಕಿ ನೋಡಿ ಕೊಂಡದ್ದಲ್ಲ, ಮಾವನವರು ಭೀಮನ ಮಾತನ್ನು ತಡವರಿಸದೆ ತಿರುಗಿ ಹೇಳಿದ್ದು ಇದರಲ್ಲಿ ಅನ್ನುವುದಕ್ಕೆ ಕೊಂಡದ್ದು. ಸ್ಪೈಕ್ ಗಾರ್ಡ್, ಅರ್ಥಿಂಗ್, ಪರದೆ ಎಲ್ಲ ಸೇರಿ 20 ಸಾವಿರದೊಳಗೇ ಮುಗಿಯಿತು.

ಬಾರನ್ನು ಟಿವಿ ಕೆಳಗೆ, ಕೂತವರ ಕಿವಿಯ ಮಟ್ಟಕ್ಕೆ ಹತ್ತಿರವಾಗಿ ಇಟ್ಟೆವು. ಹಿಂದಿನ ಸ್ಪೀಕರ್‌ಗಳನ್ನು ತೀರಾ ಬೆನ್ನಿಗೆ ಇಡಬಾರದು. ಟಿವಿಯ ನಡುವನ್ನು ಸೊನ್ನೆ ಡಿಗ್ರಿ ಅಂತ ಇಟ್ಟುಕೊಂಡರೆ ಎಡಬಲಗಳಲ್ಲಿ 110 ಡಿಗ್ರಿಯ ಸುಮಾರಿಗೆ, ಅಂದರೆ ಕಿವಿಗಿಂತ ಸ್ವಲ್ಪ ಹಿಂದಕ್ಕೆ. ಇಲಿ ಕಡಿಯದ ಹಾಗೆ ವೈರನ್ನೆಲ್ಲ ಕೇಸಿಂಗ್ ಪಟ್ಟಿಯೊಳಗೆ ಹಾಕಿ ಗೋಡೆಯ ಅಂಚಿನಲ್ಲೇ ಒಯ್ದೆವು.

ಸಬ್‌ವೂಫರ್‌ಗೆ ಜಾಗ ಹುಡುಕಿದ್ದು ಎಲ್ಲಕ್ಕಿಂತ ಸ್ವಾರಸ್ಯ. ಪ್ರತಿ ಕೋಣೆಗೂ ತನ್ನದೇ ಗುಂಯ್‌ಗಾಟ ಇರುತ್ತದೆ. ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್ ಅಂತ ಹಿಡಿದರೆ ನಮ್ಮ 14 ಅಡಿಯ ಉದ್ದಕ್ಕೆ ಸುಮಾರು 40 ಹರ್ಟ್ಸ್, 12 ಅಡಿಯ ಅಗಲಕ್ಕೆ 47 ಹರ್ಟ್ಸ್ ಕಂಪನ ಗೋಡೆಗಳ ನಡುವೆ ನಿಂತುಬಿಡುತ್ತದೆ. ಮೂಲೆಯಲ್ಲಿ ಸಬ್‌ವೂಫರ್ ಇಟ್ಟರೆ ಅವೆಲ್ಲ ಒಟ್ಟಿಗೆ ಎದ್ದು ಮಾತನ್ನು ಮುಚ್ಚಿಹಾಕುತ್ತವೆ. ಉಪಾಯ ಇಷ್ಟು: ಸಬ್‌ವೂಫರನ್ನು ಮಾವನವರ ಕುರ್ಚಿಯ ಮೇಲೇ ಕೂರಿಸಿ, ತಬಲಾ ಎಡಗೈ ಹೆಚ್ಚಿರುವ ಪದ್ಯ ಹಾಕಿ, ಮಗ ಗೋಡೆಯುದ್ದಕ್ಕೂ ಮೊಣಕಾಲಲ್ಲಿ ತೆವಳುತ್ತಾ ಕಿವಿ ಕೊಟ್ಟ. ಬಾಗಿಲ ಬಳಿ ಸದ್ದು ಊದಿಕೊಂಡಿತ್ತು, ಕಿಟಕಿ ಕೆಳಗೆ ಬಡಕಲಾಗಿತ್ತು. ಬೀರುವಿನ ಪಕ್ಕ, ಮೂಲೆಯಿಂದ ಮೂರಡಿ ಈಚೆಗೆ, ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಕೇಳಿಸಿತು. ಅಲ್ಲೇ ಇಟ್ಟೆವು.

ಕೊನೆಗೆ ಟಿವಿಯ ಸೆಟ್ಟಿಂಗ್. ಡಿಜಿಟಲ್ ಔಟ್‌ಪುಟ್ "ಪಿಸಿಎಂ" ಅಂತಿದ್ದರೆ ಎಆರ್‌ಸಿ ತಂತಿಯಲ್ಲಿ ಎರಡೇ ಚಾನೆಲ್ ಹೋಗುತ್ತವೆ, ಐದು ಸ್ಪೀಕರ್ ಇದ್ದೂ ವ್ಯರ್ಥ. ಅದನ್ನು "ಬಿಟ್‌ಸ್ಟ್ರೀಮ್"ಗೆ ತಿರುಗಿಸಿದ ಮೇಲೆ ಡಾಲ್ಬಿ ಬಂತು. ಇದೊಂದನ್ನು ಯಾವ ಅಂಗಡಿಯವರೂ ಹೇಳಲಿಲ್ಲ.

ಅಕ್ಟೋಬರ್ 22, ಬುಧವಾರ, ಬಲಿಪಾಡ್ಯಮಿ

ನಿನ್ನೆ ರಾತ್ರಿ ಮಗ ಸಿನಿಮಾ ಹಾಕಿದ್ದ. ಬೆಳಿಗ್ಗೆ ಪಕ್ಕದ ಮನೆಯ ಅಕ್ಕ ಹೋಳಿಗೆ ಕೊಡಲು ಬಂದವರು, "ನಮ್ ಗೋಡೆ ಗುಂ ಅಂತಿತ್ತಮ್ಮ, ಮಗು ಎದ್ದುಬಿಡ್ತು" ಅಂದರು. ಅವರ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಎರಡೂ ಮನೆಗೆ ಗೋಡೆ ಒಂದೇ.

ಮಾತಿನ ಸದ್ದನ್ನು ಗೋಡೆ ತಡೆಯುತ್ತದೆ, ಕೆಳಗಿನ ಕಂಪನವನ್ನು ತಡೆಯುವುದಿಲ್ಲ. ಇದನ್ನು ಹೇಳಲು ನಮ್ಮ ತಾಲ್ಲೂಕಿನ ಪಕ್ಕದಲ್ಲೇ ದೊಡ್ಡ ಸಾಕ್ಷಿ ಇದೆ. ಗೌರಿಬಿದನೂರಿನ ಸುತ್ತ 1965ರಿಂದ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ ಕಂಪನಮಾಪಕಗಳು ಎಲ್ ಆಕಾರದ ಸಾಲಿನಲ್ಲಿ ಕಿವಿ ಕೊಟ್ಟು ಕೂತಿವೆ. ಸಾವಿರಾರು ಕಿಲೋಮೀಟರ್ ಆಚೆ ಯಾವುದೋ ದೇಶ ನೆಲದಡಿಯಲ್ಲಿ ಅಣುಬಾಂಬ್ ಪರೀಕ್ಷಿಸಿದರೆ ನಮ್ಮ ಗಟ್ಟಿ ಬಂಡೆಯ ನೆಲಕ್ಕೆ ಅದು ಮುಟ್ಟುತ್ತದೆ. ಮೆಲ್ಲಗಿನ, ಆಳದ ಕಂಪನಕ್ಕೆ ಅಷ್ಟು ದೂರ ಓಡುವ ಶಕ್ತಿ ಇರುವಾಗ ಒಂಬತ್ತು ಇಂಚಿನ ಗೋಡೆ ಯಾವ ಲೆಕ್ಕ? ಮಗನಿಗೆ ಇದನ್ನು ಹೇಳಿದಾಗ ಅವನೇ ಎದ್ದು ಸಬ್‌ವೂಫರ್ ಅಡಿಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿದ, ಅದರ ಮಟ್ಟ ಇಳಿಸಿದ. ಕಾನೂನಿನಲ್ಲೂ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಇದೆ, ರಾತ್ರಿ ಅಂದರೆ ಹತ್ತರಿಂದ ಬೆಳಗಿನ ಆರು. ನಮ್ಮ ಮನೆಯಲ್ಲಿ ಒಂಬತ್ತಕ್ಕೇ ನೈಟ್ ಮೋಡ್ ಅಂತ ತೀರ್ಮಾನ. ಅದು ಜೋರು ಸದ್ದನ್ನು ತಗ್ಗಿಸಿ ಮೆಲುಮಾತನ್ನು ಉಳಿಸುತ್ತದೆ.

ಮಧ್ಯಾಹ್ನ ಮಾವನವರ ಸರದಿ. ವಾಯ್ಸ್ ಗುಂಡಿ ಒತ್ತಿ ಕ್ಯಾಸೆಟ್ಟಿನ ನಾಟಕ ಹಾಕಿದೆವು. ಕೃಷ್ಣನ ಪಾತ್ರಧಾರಿ ಒಂದು ಪದ್ಯ ಎತ್ತಿದ. ಮಾವನವರ ಬೆರಳು ಕುರ್ಚಿಯ ಕೈಯ ಮೇಲೆ ಹಾರ್ಮೋನಿಯಂ ಮನೆಗಳನ್ನು ಹುಡುಕಿದವು. ಎರಡನೇ ಸಾಲಿಗೆ ಅವರು ತಟ್ಟನೆ "ಅಲ್ಲಿ ಸಕಾರ ನುಂಗಿದ ನೋಡು, ಅವತ್ತೂ ಹೇಳಿದ್ದೆ" ಅಂದರು. ಸಕಾರ! ಕಳೆದ ತಿಂಗಳು ಹಾಲಿಗೂ ಸಾಲಿಗೂ ವ್ಯತ್ಯಾಸ ಸಿಕ್ಕದವರು. ಅತ್ತೆಯವರು ಅಡುಗೆಮನೆಯಿಂದ ಬಂದು ನಿಂತರು. ನನಗೆ ಕಣ್ಣು ತುಂಬಿ ಬಂತು.

ನವೆಂಬರ್ 9, ಭಾನುವಾರ

ಶಿಡ್ಲಘಟ್ಟದ ಸಹೋದ್ಯೋಗಿ ಫೋನ್ ಮಾಡಿ ತಮಗೂ ಒಂದು ಸೆಟ್ಟು ಬೇಕು, ಯಾವುದು ತಗೊಳ್ಳಲಿ ಅಂತ ಕೇಳಿದರು. ಮಾಡೆಲ್ ಹೆಸರು ಹೇಳುವ ಬದಲು ಕ್ರಮ ಹೇಳಿದೆ, ಯಾಕೆಂದರೆ ಮಾಡೆಲ್ ವರ್ಷಕ್ಕೆ ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ. ಮೊದಲು ಮನೆಯ ಹಿರಿಯರ ಕಿವಿ ತೋರಿಸಿ. ಆಮೇಲೆ ಕುರ್ಚಿ ಹತ್ತಿರ ತನ್ನಿ, ಜಮಖಾನ ಹಾಸಿ, ಪರದೆ ಬಿಡಿ. ಅರ್ಥ್ ನೋಡಿಸಿ. ಅಷ್ಟಾದ ಮೇಲೆ ಉಳಿದ ದುಡ್ಡಿನಲ್ಲಿ, ನಡುವಿನ ಸ್ಪೀಕರ್ ಬೇರೆಯಾಗಿರುವ, ವೈರಿನ, ಹತ್ತಿರದಲ್ಲಿ ಸರ್ವೀಸ್ ಇರುವ ಸೆಟ್ಟನ್ನು ನಿಮ್ಮದೇ ರೆಕಾರ್ಡಿಂಗ್ ಹಾಕಿ ಕೇಳಿ ಆರಿಸಿ. ವಾಟ್ ಕೊನೆಗೆ.

"ಎಲ್ಲರಿಗೂ ಹಿಡಿಸಬೇಕಲ್ಲ?" ಅಂದರು. ಮನೆಯಲ್ಲಿ ಯಾರಿಗೆ ಎಲ್ಲರಿಗಿಂತ ಕಡಿಮೆ ಕೇಳುತ್ತದೋ ಅವರಿಗೆ ಹಿಡಿಸಿದರೆ ಸಾಕು, ಉಳಿದವರಿಗೆಲ್ಲ ಅದು ಹೇಗೂ ಚೆನ್ನಾಗಿಯೇ ಕೇಳುತ್ತದೆ ಅಂದೆ. ಮಗ ಈಗ ಮಾವನವರ ಪಕ್ಕದಲ್ಲೇ ಕೂತು ಸಿನಿಮಾ ನೋಡುತ್ತಾನೆ. ಅವನ ಗುಡುಗು ಮೊದಲಿಗಿಂತ ಮೆತ್ತಗಾಗಿದೆ, ಆದರೆ ಬಿಡಿಬಿಡಿಯಾಗಿದೆ, ಅವನಿಗೂ ಅದೇ ಇಷ್ಟವಾಗಿದೆ. ನಂಬಿಕೆಗೆ ಯೋಗ್ಯವಾದ ಸೆಟ್ಟು ಅಂದರೆ ನನ್ನ ಪಾಲಿಗೆ ಇಷ್ಟೇ: ಮಾತನ್ನು ನುಂಗಬಾರದು, ಕೆಟ್ಟರೆ ಸರಿಮಾಡುವ ಕೈ ಬಸ್ಸಿನ ದೂರದಲ್ಲಿರಬೇಕು, ಪಕ್ಕದ ಮನೆಯವರ ನಿದ್ದೆ ಕೆಡಿಸಬಾರದು. ಮುಂದಿನ ಶನಿವಾರ ಆ ಸಹೋದ್ಯೋಗಿಯ ಜೊತೆ ಅಂಗಡಿಗೆ ನಾನೂ ಹೋಗುತ್ತೇನೆ, ಅವರ ತಾಯಿಯವರನ್ನೂ ಕರೆದುಕೊಂಡೇ ಬರಬೇಕು ಅಂತ ಹೇಳಿದ್ದೇನೆ.